ಮಾಸ್ಕಿಗೆ ಅಡ್ಡ ಬಂದ ಮೀಸೆ

ನನ್ನ ಮೀಸೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅದು ಮೂಗಿನ ಕೆಳಗೆ ಮುದುರಿಕೊಂಡು ಕೂತ ಬಡಪಾಯಿ ಮೀಸೆಯಲ್ಲ. ತುಟಿಯ ಎರಡೂ ಅಂಚು ದಾಟಿ, ಕೆನ್ನೆಯ ಮೇಲೆ ಹರಡಿ, ತುದಿಯಲ್ಲಿ ಮೇಲಕ್ಕೆ ತಿರುಗಿ ನಿಲ್ಲುತ್ತಿತ್ತು. ಹೈದರಾಬಾದಿನ ನಾಚಾರಂನ ನಮ್ಮ ಗಲ್ಲಿಯಲ್ಲಿ ನನ್ನ ಹೆಸರು ಗೊತ್ತಿಲ್ಲದವರೂ ತೆಲುಗಿನಲ್ಲಿ ‘ಮೀಸಾಲ ಅನ್ನ’, ಅಂದರೆ ಮೀಸೆಯಣ್ಣ, ಎಂದು ಕರೆದು ಕೆಲಸ ಸಾಗಿಸುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ನನ್ನ ಹೆಂಡತಿ ತಲೆ ತಗ್ಗಿಸಿಕೊಂಡೇ ಮೀಸೆಯನ್ನು ಪೂರ್ತಿ ನೋಡಿದ್ದಳಂತೆ. ಅದರ ಹಿಂದೆ ಒಬ್ಬ ಗಂಡಸೂ ಇದ್ದಾನೆ ಅನ್ನುವುದು ಮದುವೆಯಾದ ಮೇಲೆ ಗೊತ್ತಾಯಿತು ಎಂದು ಈಗಲೂ ಬಂದವರ ಮುಂದೆ ಹೇಳುತ್ತಾಳೆ.

ಈ ಮೀಸೆ ನನ್ನ ಸ್ವಂತ ಗಳಿಕೆಯಲ್ಲ, ಅಪ್ಪನಿಂದ ಬಂದದ್ದು. ಅಪ್ಪನದು ಇನ್ನೂ ದೊಡ್ಡದು, ಈಗ ಪೂರಾ ಬಿಳಿ. ರಾಯಚೂರು ಕಡೆಯ ನಮ್ಮ ಮನೆತನದಲ್ಲಿ ಗಂಡಸು ಮೀಸೆ ತೆಗೆಸುವುದು ಒಂದೇ ಕಾರಣಕ್ಕೆ, ತಂದೆಯೋ ತಾಯಿಯೋ ತೀರಿಕೊಂಡಾಗ. ಬೇರೆ ಕಾರಣ ಯಾರಿಗೂ ಗೊತ್ತಿಲ್ಲ, ಹುಡುಕಿಯೂ ಇಲ್ಲ. ಹಾಗಾಗಿ ನಮ್ಮವರು ಮೀಸೆಯಿಲ್ಲದ ಮುಖ ಕಂಡರೆ ಹೇಗಿದ್ದೀಯ ಎಂದು ಕೇಳುವುದಿಲ್ಲ. ‘ಯಾವಾಗ?’ ಎಂದು ಕೇಳುತ್ತಾರೆ. ನನ್ನ ಅಪ್ಪ ಅವ್ವ ಇಬ್ಬರೂ ಗಟ್ಟಿಮುಟ್ಟಾಗಿ ನನ್ನ ಜೊತೆಯಲ್ಲೇ ಇದ್ದರು. ಊಟ ಬಡಿಸುವಾಗ ಇಬ್ಬರೂ ನನಗಿಂತ ಒಂದು ರೊಟ್ಟಿ ಹೆಚ್ಚೇ ಹಾಕಿಸಿಕೊಳ್ಳುತ್ತಿದ್ದರು.

ನಾನು ಕೆಲಸ ಮಾಡುವುದು ನಾಚಾರಂನ ಒಂದು ಶೆಡ್ಡಿನಲ್ಲಿ. ಗಣಿಯ ಒಳಗೆ ಕಲ್ಲು, ಕಲ್ಲಿದ್ದಲು ತುಂಬುವ ಯಂತ್ರಗಳನ್ನು ನಾವು ರಿಪೇರಿ ಮಾಡುತ್ತೇವೆ. ಯಂತ್ರ ಮೇಲೆ ಬರಲಾರದಷ್ಟು ಕೆಟ್ಟರೆ ನಾವೇ ಕೆಳಗೆ ಇಳಿಯುತ್ತೇವೆ. ಒಂದು ದಿನ ಮಾಲೀಕರು ನಮ್ಮನ್ನೆಲ್ಲ ಕರೆದು, ಇನ್ನು ಮುಂದೆ ಒಳಗೆ ಇಳಿಯುವ ಪ್ರತಿ ತಂಡದಲ್ಲೂ ರಕ್ಷಣಾ ತರಬೇತಿಯ ಸರ್ಟಿಫಿಕೇಟ್ ಇರುವ ಒಬ್ಬ ಇರಲೇಬೇಕಂತೆ, ಇಲ್ಲದಿದ್ದರೆ ಗಣಿಯವರು ಗೇಟಿನಿಂದಲೇ ವಾಪಸ್ ಕಳಿಸುತ್ತಾರಂತೆ ಎಂದರು. ಆಮೇಲೆ ಎಲ್ಲರನ್ನೂ ಮೇಲಿನಿಂದ ಕೆಳಗೆ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನಾನು ಎತ್ತರ ಇದ್ದೆ, ಭುಜ ಅಗಲ ಇತ್ತು, ಒಬ್ಬನನ್ನು ಹೆಗಲ ಮೇಲೆ ಹಾಕಿಕೊಂಡು ಬರಬಲ್ಲ ಆಳು ಎಂದು ಅವರಿಗೆ ಅನಿಸಿರಬೇಕು. ಪಾಸಾದರೆ ತಂಡದ ಮುಖ್ಯಸ್ಥ ನಾನೇ. ಫೇಲಾದರೆ ಇಡೀ ತಂಡ ಶೆಡ್ಡಿನಲ್ಲಿ ನಟ್ಟು ಬೋಲ್ಟು ಒರೆಸುತ್ತ ಕೂರಬೇಕು. ನನ್ನ ಜೊತೆಗಾರರು ಆ ಸಂಜೆಯಿಂದಲೇ ನನ್ನನ್ನು ಮಗಳ ಮದುವೆಗೆ ಬಂದ ಬೀಗರ ಹಾಗೆ ನೋಡಿಕೊಳ್ಳತೊಡಗಿದರು.

ಅಪ್ಪನಿಗೆ ಹೇಳಿದಾಗ ಅವನು ಬೀಗಿದ. ಅಪ್ಪ ವಯಸ್ಸಿನ ಬಹುಪಾಲು ಗಣಿಯ ಒಳಗೇ ದುಡಿದವನು. ಆ ದಿನಗಳ ಬಗ್ಗೆ ಜಂಬದ ಮಾತು ಬೇಕಾದಷ್ಟು ಆಡುತ್ತಾನೆ, ಒಂದು ವಿಷಯ ಮಾತ್ರ ಎತ್ತುವುದಿಲ್ಲ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಎದ್ದರೆ ಸಾಕು, ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾನೆ. ಘಾಟು ಇಳಿದು ಊಟಕ್ಕೆ ಕರೆದರೂ ಬೇಗ ಒಳಗೆ ಬರುವುದಿಲ್ಲ. ಬಹಳ ಹಿಂದೆ ಅವನಿದ್ದ ಸುರಂಗದಲ್ಲಿ ಹೊಗೆ ತುಂಬಿದಾಗ ಅಪ್ಪ ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಹೊರಬಿದ್ದನಂತೆ, ಜೊತೆಗಾರ ಬರಲಿಲ್ಲವಂತೆ. ಇಷ್ಟನ್ನು ಅವ್ವ ಒಮ್ಮೆ ಹೇಳಿದ್ದಳು, ಅದೂ ಅಪ್ಪ ಮನೆಯಲ್ಲಿ ಇಲ್ಲದಾಗ.

ತರಬೇತಿ ನಡೆದದ್ದು ನಾಚಾರಂನಲ್ಲೇ ಒಂದು ಹಳೆಯ ಗೋದಾಮಿನಲ್ಲಿ. ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ತೆಲುಗು ಹಿರಿಯರು ನಮ್ಮ ಗುರುಗಳು. ಎಲ್ಲರೂ ಅವರನ್ನು ‘ಉಸ್ತಾದ್’ ಎನ್ನುತ್ತಿದ್ದರು. ಗೋದಾಮಿನ ಒಳಗೆ ತಗಡಿನ ಹಾಳೆಗಳಿಂದ ಒಂದು ಸುರಂಗ ಕಟ್ಟಿಸಿದ್ದರು. ಅದರಲ್ಲಿ ನಿಂತರೆ ತಲೆ ಬಡಿಯುತ್ತದೆ, ಬಗ್ಗಿದರೆ ಸೊಂಟ ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಹಸಿ ಗೋಣಿಚೀಲ ಸುಟ್ಟು ಅದಕ್ಕೆ ಹೊಗೆ ಬಿಡುತ್ತಿದ್ದರು. ಒಳಗೆ ಎಲ್ಲೋ ಮರಳು ತುಂಬಿದ ಗೋಣಿಯ ಮನುಷ್ಯನೊಬ್ಬ ಬಿದ್ದಿರುತ್ತಿದ್ದ, ಅವನನ್ನು ಹುಡುಕಿ ಹೊತ್ತು ತರಬೇಕು. ಅವನಿಗೆ ಪ್ಯಾಂಟು ಶರ್ಟು ಹಾಕಿ, ತಲೆಗೆ ಹೆಲ್ಮೆಟ್ ಇಟ್ಟು, ಕಾಲಿಗೆ ಬೂಟೂ ಹಾಕಿದ್ದರು. ಅವನ ಬೂಟು ನನ್ನ ಬೂಟಿಗಿಂತ ಹೊಸದಿತ್ತು, ಅದು ನನಗೆ ಕೊನೆಯವರೆಗೂ ಹೊಟ್ಟೆಯುರಿ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಪ್ರಥಮ ಚಿಕಿತ್ಸೆಯ ಪಟ್ಟಿ ಕಟ್ಟುವುದನ್ನು ಮನೆಯಲ್ಲಿ ಅಪ್ಪನ ಮೇಲೆ ಅಭ್ಯಾಸ ಮಾಡಿದೆ. ಅಪ್ಪ ಮುರಿದ ಕೈಯವನಾಗಿ, ಒಡೆದ ತಲೆಯವನಾಗಿ, ಉಳುಕಿದ ಕಾಲಿನವನಾಗಿ ಖುಷಿಯಿಂದ ಕೂರುತ್ತಿದ್ದ. ಒಂದು ದಿನ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಸಿಕೊಂಡು ಹಾಲು ತರಲು ಹಾಗೇ ಹೋಗಿಬಿಟ್ಟ. ಅಂಗಡಿಯವನು ಪಾಪ ಎಂದು ಅವನನ್ನು ಸರದಿಯಲ್ಲಿ ಮುಂದೆ ಬಿಟ್ಟನಂತೆ. ಆಮೇಲೆ ಬೇಕೆಂತಲೇ ದಿನಾ ಬೆಳಿಗ್ಗೆ ಕೈ ಚಾಚಿ ಕಟ್ಟಿಸಿಕೊಳ್ಳತೊಡಗಿದ.

ತೊಡಕು ಶುರುವಾದದ್ದು ಮಾಸ್ಕಿನ ದಿನ. ಬೆನ್ನಿಗೆ ಉಸಿರಿನ ಪೆಟ್ಟಿಗೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಇಡೀ ಮುಖ ಮುಚ್ಚುವ ರಬ್ಬರಿನ ಮಾಸ್ಕು. ಅದನ್ನು ಹಾಕಿಕೊಂಡು, ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಉಸಿರು ಒಳಕ್ಕೆ ಎಳೆಯಬೇಕು. ಮಾಸ್ಕು ಮುಖಕ್ಕೆ ಗಪ್ಪನೆ ಅಂಟಿಕೊಂಡರೆ ಸರಿ. ಪಕ್ಕದಿಂದ ಗಾಳಿ ನುಗ್ಗಿದರೆ ಅದೇ ದಾರಿಯಲ್ಲಿ ವಿಷದ ಗಾಳಿಯೂ ನುಗ್ಗುತ್ತದೆ. ಎಲ್ಲರ ಮಾಸ್ಕೂ ಅಂಟಿತು. ನನ್ನದು ‘ಸುಯ್’ ಎಂದಿತು. ಪಟ್ಟಿ ಬಿಗಿ ಮಾಡಿದರು, ‘ಸುಯ್’. ಬೇರೆ ಮಾಸ್ಕು ಕೊಟ್ಟರು, ಅದೂ ‘ಸುಯ್’. ಉಸ್ತಾದ್ ನನ್ನ ಮುಖದ ಹತ್ತಿರ ಬಂದು ಮಾಸ್ಕಿನ ಅಂಚಿನಿಂದ ಹೊರಗೆ ಇಣುಕುತ್ತಿದ್ದ ಮೀಸೆಯ ಎರಡು ತುದಿಗಳನ್ನು ನೋಡಿದರು. ಮಾಸ್ಕು ತೆಗೆಸಿ, ರಬ್ಬರಿನ ಅಂಚು ಕೂರುವ ಜಾಗವನ್ನು ತಮ್ಮ ಬೆರಳಿನಿಂದ ನನ್ನ ಕೆನ್ನೆಯ ಮೇಲೆ ಗೆರೆ ಎಳೆದು ತೋರಿಸಿ, ಈ ಗೆರೆಯ ಮೇಲೆ ಒಂದು ಕೂದಲೂ ಇರಕೂಡದು ಎಂದರು. ಆಮೇಲೆ ಹೈದರಾಬಾದಿ ಹಿಂದಿಯಲ್ಲಿ ಕೇಳಿದರು:

“ಮೂಛ್ ಹೋನಾ ಕಿ ಸರ್ಟಿಫಿಕೇಟ್ ಹೋನಾ?”

ಮೀಸೆ ಬೇಕೋ ಸರ್ಟಿಫಿಕೇಟ್ ಬೇಕೋ ಅಂತ. ಸುತ್ತ ನಿಂತವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನನ್ನ ಕಿವಿ ಕೆಲಸ ನಿಲ್ಲಿಸುತ್ತದೆ, ಅದು ಹುಟ್ಟುಗುಣ. ಗೆರೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನಾನು ನೋಡಲೂ ಇಲ್ಲ, ಕೇಳಲೂ ಇಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಸುತ್ತಿಬಳಸಿ ಮಾತು ತೆಗೆದೆ. ಮಿಲಿಟರಿಯವರು ಹೇಗೆ ನುಣ್ಣಗೆ ಇರುತ್ತಾರೆ, ಗಾಳಿಯಾಡಲು ಎಷ್ಟು ಅನುಕೂಲ, ಅಂತೆಲ್ಲ ಶುರು ಮಾಡಿದೆ. ಅಪ್ಪ ರೊಟ್ಟಿ ಮುರಿಯುವ ಕೈ ನಿಲ್ಲಿಸಿದ.

“ಏನು ಹೇಳಾಕತ್ತಿ? ಬಾಯಿ ಬಿಟ್ಟು ಹೇಳು.”

“ಮಾಸ್ಕ್ ಕುಂದ್ರವಲ್ದಪಾ. ಮೀಸಿ ಅಡ್ಡ ಬರತೈತಿ. ತಗಸಬೇಕಂತ.”

ಅಪ್ಪ ಅವ್ವನ ಕಡೆ ತಿರುಗಿದ. “ನೋಡಬೇ, ನಾ ಜೀವಂತ ಅದೀನೋ ಇಲ್ಲೋ? ಒಂಚೂರು ಮುಟ್ಟಿ ನೋಡು.”

ಅವ್ವ ನಿಜವಾಗಿಯೂ ಮುಟ್ಟಿ ನೋಡಿದಳು. “ಅದೀರಿ,” ಎಂದಳು.

“ಮತ್ತ ನೀ?”

“ನಾನೂ ಅದೀನಿ.”

“ಇಬ್ಬರೂ ಅದೀವಿ. ಇನ್ನ ಇವಂಗ ಏನು ಅವಸರ?” ಎಂದು ಅಪ್ಪ ಮತ್ತೆ ಊಟಕ್ಕೆ ಬಾಗಿದ. ನಾನು ತಂಡದ ವಿಷಯ ಹೇಳಿದೆ, ನೌಕರಿಯ ವಿಷಯ ಹೇಳಿದೆ. ಅಪ್ಪ ಒಂದೇ ಮಾತು ಹೇಳಿದ: “ನಾ ಮೀಸಿ ಇಟಗೊಂಡ ಗಣಿಯೊಳಗ ಇಳದೀನಿ, ಮೀಸಿ ಇಟಗೊಂಡ ಮ್ಯಾಲ ಬಂದೀನಿ.” ಅಷ್ಟರಲ್ಲಿ ನನ್ನ ಹೆಂಡತಿ ಒಳಗೆ ಸಾರಿಗೆ ಒಗ್ಗರಣೆ ಹಾಕಿದಳು. ಅಪ್ಪ ತಟ್ಟೆ ಬಿಟ್ಟು ಎದ್ದು ಮೆಟ್ಟಿಲ ಕಡೆ ಹೋದ. ಮಾತು ಅಲ್ಲಿಗೇ ನಿಂತಿತು.

ಪರೀಕ್ಷೆ ಶನಿವಾರ ಇತ್ತು. ಅಲ್ಲಿಯವರೆಗೆ ಮೀಸೆ ಉಳಿಸಿಕೊಂಡೇ ಮಾಸ್ಕು ಕೂರಿಸಲು ನಾನು ಮಾಡದ ಸರ್ಕಸ್ಸಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಅಮುಕಿದೆ. ಮಾಸ್ಕು ಮುಖದಿಂದ ಜಾರಿ ಗದ್ದಕ್ಕೆ ಬಂತು. ಅಂಟುಪಟ್ಟಿ ಹಚ್ಚಿದೆ. ಬೆವರಿಗೆ ಬಿಚ್ಚಿಕೊಂಡು ಮೀಸೆಯ ಅರ್ಧ ಭಾಗ ಮಾಸ್ಕಿನ ಗಾಜಿಗೆ ಅಂಟಿತು. ಕೊನೆಗೆ ಹೆಂಡತಿ ತನ್ನ ಹೇರ್‌ಪಿನ್ನುಗಳನ್ನು ಕೊಟ್ಟು, ತುದಿಗಳನ್ನು ಒಳಗೆ ಮಡಚಿ ಸಿಕ್ಕಿಸಿಕೊಳ್ಳಿ ಎಂದು ಉಪಾಯ ಹೇಳಿದಳು.

ಆ ಉಪಾಯ ಫಲಿಸಿತು. ಗುರುವಾರ ಮಾಸ್ಕು ಅಂಟಿತು, ‘ಸುಯ್’ ಎನ್ನಲಿಲ್ಲ. ಉಸ್ತಾದ್ ಹುಬ್ಬೇರಿಸಿದರೂ ಒಳಗೆ ಬಿಟ್ಟರು. ನಾನು ಹೊಗೆಯಲ್ಲಿ ತೆವಳಿ, ಗೋಣಿಯ ಮನುಷ್ಯನನ್ನು ಹುಡುಕಿ, ಹೆಗಲಿಗೆ ಹಾಕಿಕೊಂಡೆ. ಅರ್ಧ ದಾರಿಗೆ ಒಂದು ಪಿನ್ನು ಕಳಚಿತು. ಮಡಚಿಟ್ಟಿದ್ದ ಮೀಸೆಯ ತುದಿ ಬಿಚ್ಚಿಕೊಂಡು ನೇರವಾಗಿ ಮೂಗಿನ ಹೊಳ್ಳೆಗೆ ಹೊಕ್ಕಿತು. ಮಾಸ್ಕಿನ ಒಳಗೆ ಕೈ ಹಾಕುವಂತಿಲ್ಲ, ಮೂಗು ತಿಕ್ಕುವಂತಿಲ್ಲ. ನಾನು ಸೀನಿದೆ. ಗಾಜು ಪೂರಾ ಮಂಜಾಯಿತು. ಮತ್ತೆ ಸೀನಿದೆ. ಕುರುಡನ ಹಾಗೆ ತಗಡಿಗೆ ಢಿಕ್ಕಿ ಹೊಡೆದು, ಗೋಣಿಯ ಮನುಷ್ಯನನ್ನು ತಲೆಕೆಳಗಾಗಿ ಕೆಡವಿ, ಅವನ ಮೇಲೆ ನಾನೂ ಬಿದ್ದೆ. ಹೊರಗೆ ಎಳೆದು ತಂದದ್ದು ಇಬ್ಬರನ್ನೂ, ಆದರೆ ಮೊದಲು ನನ್ನನ್ನು. ಉಸ್ತಾದ್ ನಗಲಿಲ್ಲ. ನಿಜವಾದ ಗಣಿಯಾಗಿದ್ದರೆ ಇವತ್ತು ಇಬ್ಬರೂ ಹೋಗುತ್ತಿದ್ದಿರಿ, ಒಳಗೆ ಬಿದ್ದಿದ್ದವನೂ, ತರಲು ಹೋದ ನೀನೂ ಎಂದರು. ಆ ಮಾತು ನನಗೆ ನಾಟಿತು. ಅಪ್ಪನ ಒದ್ದೆ ಟವೆಲ್ ನೆನಪಾಯಿತು.

ಶನಿವಾರ ಬೆಳಿಗ್ಗೆ ಅಪ್ಪನಿಗೆ ಹೇಳದೆ ಕ್ಷೌರದ ಅಂಗಡಿಗೆ ಹೋದೆ. ಅಂಗಡಿಯವನಿಗೆ ನನ್ನ ಮೀಸೆ ಎಂದರೆ ಪ್ರಾಣ. ಅದನ್ನು ತಿದ್ದಿ ತೀಡುವಾಗ ಬೇರೆ ಗಿರಾಕಿಗಳನ್ನು ಕರೆದು ತೋರಿಸುತ್ತಿದ್ದ. ಪೂರಾ ತೆಗೆದುಬಿಡು ಎಂದೆ. ಅವನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಮೊದಲು ಹೋಗಿ ರೇಡಿಯೋ ಆರಿಸಿದ. ಬೆಂಚಿನ ಮೇಲೆ ಪೇಪರ್ ಓದುತ್ತ ಜೋರಾಗಿ ಮಾತಾಡುತ್ತಿದ್ದವರಿಗೆ ಸುಮ್ಮನಿರಲು ಸನ್ನೆ ಮಾಡಿದ. ನನಗೆ ಒಂದು ಲೋಟ ನೀರು ಕೊಟ್ಟು, ಬಗ್ಗಿ, ಮೆತ್ತಗೆ ಕೇಳಿದ:

“ಅಬ್ಬಾ ಕಿ ಅಮ್ಮಾ?”

ಅಪ್ಪನೋ ಅಮ್ಮನೋ ಅಂತ. ಇಬ್ಬರೂ ಆರಾಮಾಗಿದ್ದಾರೆ, ಇದು ಸರ್ಟಿಫಿಕೇಟಿಗಾಗಿ ಎಂದೆ. ಅವನು ಕನಿಕರದಿಂದ ನನ್ನ ಬೆನ್ನು ತಟ್ಟಿದ. ತೀರಿಕೊಂಡವರಿಗೂ ಈಗ ಸರ್ಟಿಫಿಕೇಟ್ ಬೇಕೇಬೇಕು, ಓಡಾಟ ತಪ್ಪಿದ್ದಲ್ಲ ಎಂದು ಸಮಾಧಾನ ಹೇಳಿದ. ನಾನು ಇನ್ನೊಮ್ಮೆ ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಮೀಸೆ ಹೋಯಿತು. ಕನ್ನಡಿಯಲ್ಲಿ ನನ್ನ ಮುಖ ಸುಲಿದ ಬಾಳೆಹಣ್ಣಿನ ಹಾಗೆ ಕಂಡಿತು. ಇದು ಮುಗಿಯಿತು ಎಂದು ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದಂತೆ ತಲೆಯ ಮೇಲೆ ತಣ್ಣೀರು ಬಿತ್ತು. ಅವನು ತಲೆ ಬೋಳಿಸಲು ನೀರು ಹಚ್ಚುತ್ತಿದ್ದ. ಕುರ್ಚಿಯಿಂದ ಹಾರಿ, ಹೆಗಲ ಬಟ್ಟೆ ಕಿತ್ತೆಸೆದು ಓಡಿದೆ. ಮುಖಕ್ಕೆ ಹಚ್ಚಿದ ಪಟಿಕದ ಉರಿಗೆ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು.

ಅದೇ ಹೊತ್ತಿಗೆ ಎದುರಿನಿಂದ ಆಟೋದಲ್ಲಿ ನನ್ನ ಸೋದರಮಾವ ಬಂದ. ಅವ್ವನ ತಮ್ಮ. ಅಬಿಡ್ಸಿನಲ್ಲಿ ಪೆನ್ನು ನೋಟ್‌ಬುಕ್ಕುಗಳ ಅಂಗಡಿ ಇಟ್ಟಿದ್ದಾನೆ, ನಾಚಾರಂನ ಕಾರ್ಖಾನೆಯಿಂದ ಮಾಲು ಒಯ್ಯಲು ಆಗಾಗ ಬರುತ್ತಾನೆ. ಅವನು ನೋಡಿದ್ದು ಇಷ್ಟು: ಮೀಸೆಯಿಲ್ಲದ ಅಳಿಯ, ಒದ್ದೆ ತಲೆ, ಕಣ್ಣಲ್ಲಿ ನೀರು, ಓಟ. ನಾನು ಕೈ ಎತ್ತಿ, ಆಮೇಲೆ ಸಿಗುತ್ತೇನೆ ಎಂದು ಸನ್ನೆ ಮಾಡಿದೆ. ಅವನು ಅದನ್ನು ಏನೆಂದು ತಿಳಿದನೋ ದೇವರಿಗೇ ಗೊತ್ತು. ನಾನು ಗೋದಾಮಿನ ಒಳಗೆ ಹೋದೆ. ಪರೀಕ್ಷೆಯ ನಿಯಮದಂತೆ ಫೋನು ಆರಿಸಿ ಬುಟ್ಟಿಗೆ ಹಾಕಿದೆ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅದೊಂದೇ ಆ ದಿನ ಸರಿಯಾಗಿ ನಡೆದದ್ದು. ಮಾಸ್ಕು ನನ್ನ ಬೋಳು ಮುಖಕ್ಕೆ ಕಚ್ಚಿಕೊಂಡಿತು. ಹೊಗೆ ಎಷ್ಟು ದಟ್ಟವಿತ್ತೆಂದರೆ ಮುಂದೆ ಚಾಚಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಆದರೆ ಒಳಗೆ ಉಸಿರು ತಣ್ಣಗೆ, ಸಲೀಸಾಗಿ ಬರುತ್ತಿತ್ತು. ಆ ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿರುವಾಗ, ಅಪ್ಪನ ಜೊತೆಗಾರನಿಗೂ ಇಷ್ಟೇ ಅಲ್ಲವೇ ಬೇಕಾಗಿದ್ದದ್ದು ಎಂದು ಅನಿಸಿತು. ಗೋಣಿಯ ಮನುಷ್ಯನನ್ನು ಬೂಟಿನ ಸಮೇತ ಹೊರಗೆ ತಂದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಾಸ್ ಎಂದರು. ಉಸ್ತಾದ್ ಬಂದು ಮಾಸ್ಕು ಬಿಚ್ಚಲು ಸಹಾಯ ಮಾಡಿದರು. ನನ್ನ ಮುಖ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು.

ಪೂರಾ ಯಾಕೆ ತೆಗೆದೆ ಎಂದು ಕೇಳಿದರು. ನೀವೇ ಹೇಳಿದ್ದಿರಲ್ಲ ಎಂದೆ. ಅವರು ಮತ್ತೆ ನನ್ನ ಕೆನ್ನೆಯ ಮೇಲೆ ಬೆರಳಿನಿಂದ ಅದೇ ಗೆರೆ ಎಳೆದರು. ಈ ಸಲ ನಾನು ಗಮನವಿಟ್ಟು ನೋಡಿದೆ. ಗೆರೆ ಕೆನ್ನೆಯ ಮೇಲಿನಿಂದ ಇಳಿದು ಗದ್ದದ ಕೆಳಗೆ ಹೋಯಿತು, ತುಟಿಯ ಹತ್ತಿರ ಬರಲೇ ಇಲ್ಲ. ಗೆರೆಯ ಒಳಗಿನ ಮೀಸೆ ಇರಬಹುದಿತ್ತು, ತುದಿ ಕತ್ತರಿಸಿದ್ದರೆ ಸಾಕಿತ್ತು. ನನಗೆ ಅದು ಹೊಳೆಯಲೇ ಇಲ್ಲ. ನಮ್ಮ ಮನೆತನದಲ್ಲಿ ಮೀಸೆ ಒಂದೋ ಇರುತ್ತದೆ, ಇಲ್ಲವೋ ತಂದೆಯ ಜೊತೆ ಹೋಗುತ್ತದೆ. ಸಣ್ಣದಾಗಿ ಕತ್ತರಿಸಿದ ಮೀಸೆ ಎನ್ನುವ ಮೂರನೆಯ ದಾರಿಯನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

ನನ್ನನ್ನು ನಾನೇ ಬೈದುಕೊಳ್ಳುತ್ತ ಮನೆ ಕಡೆ ನಡೆದೆ. ಬೈಗುಳದ ನಡುವೆ ಫೋನು ಮತ್ತೆ ಆನ್ ಮಾಡುವುದನ್ನೂ ಮರೆತಿದ್ದೆ. ಗಲ್ಲಿಯ ತಿರುವಿನಲ್ಲಿ ನಿಂತಾಗ ಕಂಡದ್ದು ಇದು: ನಮ್ಮ ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಗೋಡೆಗೆ ಒರಗಿಸಿದ ಹಸಿರು ಬಿದಿರಿನ ಎರಡು ಗಳ, ಪಕ್ಕದಲ್ಲಿ ಹಗ್ಗದ ಸುರುಳಿ. ಕೆಳಮನೆಯ ತೆಲುಗು ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮೇಲಿನಿಂದ ಹೆಂಗಸೊಬ್ಬಳು ಅಳುವ ಸದ್ದು ಬರುತ್ತಿತ್ತು.

ನಾನು ಓದಿದವನು, ಯಂತ್ರ ಬಿಚ್ಚಿ ಜೋಡಿಸುವವನು, ಆ ಕ್ಷಣ ಅದೊಂದೂ ಉಪಯೋಗಕ್ಕೆ ಬರಲಿಲ್ಲ. ಅಪ್ಪ ಬೇಡವೆಂದರೂ ಕೇಳದೆ ತೆಗೆಸಿದೆ, ತೆಗೆಸಿದ್ದಕ್ಕೇ ಹೀಗಾಯಿತು ಎಂದು ನೂರಕ್ಕೆ ನೂರು ನಂಬಿದೆ. ಬೆಳಿಗ್ಗೆ ಹೊರಡುವಾಗ ಅವನು ಪಟ್ಟಿ ಕಟ್ಟು ಎಂದು ಕೈ ಚಾಚಿದ್ದ. ಹೊತ್ತಾಯಿತು ಎಂದು ಸಿಡುಕಿ ಬಂದಿದ್ದೆ. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ, ಬಾಗಿಲಲ್ಲಿ “ಅಪ್ಪಾ” ಎಂದು ಕೂಗಿದ್ದು ಮಾತ್ರ ನೆನಪಿದೆ.

“ಬಾ,” ಎಂದ ಅಪ್ಪ.

ಪಡಸಾಲೆಯ ನಡುವೆ ಕುರ್ಚಿಯಲ್ಲಿ ಕೂತಿದ್ದ. ಒಂದು ಕೈಯಲ್ಲಿ ಚಹಾದ ಕಪ್ಪು, ತೊಡೆಯ ಮೇಲೆ ದೊಡ್ಡದೊಂದು ಹೂವಿನ ಹಾರ. ಸುತ್ತ ನಮ್ಮ ಮಂದಿ ತುಂಬಿದ್ದರು. ಶಂಶಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮೂರಿನವರು ಕೆಲಸ ಬಿಟ್ಟು, ಸೈಟಿನಿಂದಲೇ ಬಿದಿರು ಹೊತ್ತು, ಟೆಂಪೋದಲ್ಲಿ ಬಂದಿದ್ದರು. ಎಲ್ಲರ ಕೈಯಲ್ಲೂ ಅವ್ವ ಮಾಡಿದ ಉಪ್ಪಿಟ್ಟಿನ ತಟ್ಟೆ. ಮೂಲೆಯಲ್ಲಿ ಸೋದರಮಾವ ತಲೆ ತಗ್ಗಿಸಿಕೊಂಡು, ತಿನ್ನುವುದನ್ನು ಮಾತ್ರ ನಿಲ್ಲಿಸದೆ ಕೂತಿದ್ದ.

ನಡೆದದ್ದನ್ನು ಆಮೇಲೆ ಹೆಂಡತಿ ನಗುತ್ತ, ನಡುನಡುವೆ ಉಸಿರು ಹಿಡಿಯುತ್ತ ಹೇಳಿದಳು. ಮಾವನಿಗೆ ಹೋದದ್ದು ಅಕ್ಕನೋ ಭಾವನೋ ಗೊತ್ತಾಗಿರಲಿಲ್ಲ. ಹಾರ ಯಾರಿಗಾದರೂ ನಡೆಯುತ್ತದೆಂದು ಕೊಂಡುಕೊಂಡು, ಸಿಕ್ಕವರಿಗೆಲ್ಲ ಫೋನು ಮಾಡಿ, ಅವರೆಲ್ಲ ಬಂದು ಸೇರುವವರೆಗೂ ಗಲ್ಲಿಯ ತುದಿಯಲ್ಲೇ ಕಾದಿದ್ದ. ಒಬ್ಬನೇ ಬಂದು ಹೋದವರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲವಂತೆ. ಎಲ್ಲರೂ ಸೇರಿದ ಮೇಲೆ ಮೆಟ್ಟಿಲ ಮೇಲೇ “ಯಕ್ಕಾ…” ಎಂದು ಶುರು ಮಾಡಿದ. ಹಿಟ್ಟಿನ ಕೈಯಲ್ಲಿ ಅಕ್ಕನೇ ಬಾಗಿಲು ತೆರೆದಳು. ಹಣೆಯ ತುಂಬ ಕುಂಕುಮ ಇದ್ದದ್ದನ್ನು ಅವನು ನೋಡಬೇಕಿತ್ತು, ನೋಡಲಿಲ್ಲ. ಅಕ್ಕ ಇದ್ದಾಳೆ ಎಂದಾದರೆ ಹೋದದ್ದು ಭಾವನೇ ಎಂದು ಧಾಟಿ ಬದಲಿಸಿ “ಭಾವಾ…” ಎಂದ. ಭಾವ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದು, “ಯಾಕೋ, ಏನಾತು?” ಎಂದು ಕೇಳಿದ. ಮಾವನಿಗೆ ಅಳಲು ಯಾರೂ ಉಳಿಯಲಿಲ್ಲ. ಹಿಂದೆ ಬಂದಿದ್ದ ಅವನ ಹೆಂಡತಿ ಮಾತ್ರ ಒಮ್ಮೆ ಶುರು ಮಾಡಿದ್ದನ್ನು ನಡುವೆ ನಿಲ್ಲಿಸುವುದು ಅಪಶಕುನ ಎಂದು ಮುಂದುವರಿಸಿದ್ದಳು. ನಾನು ಕೆಳಗಿನಿಂದ ಕೇಳಿದ್ದು ಅದೇ ಅಳು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಎಲ್ಲರ ಕಣ್ಣೂ ನನ್ನ ಮೇಲ್ತುಟಿಯ ಮೇಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಮಂದಿಯ ಎದುರು, ಅಷ್ಟು ಎತ್ತರದವನು, ಗೋಡೆ ಹಿಡಿದುಕೊಂಡು ಅತ್ತೆ. ಅಪ್ಪ ಇದ್ದಾನೆ ಎನ್ನುವ ಸಂತೋಷಕ್ಕೆ ಬೇರೆ ಯಾವ ದಾರಿಯೂ ಆಗ ಗೊತ್ತಾಗಲಿಲ್ಲ.

“ಹತ್ತರ ಬಾ,” ಎಂದ ಅಪ್ಪ. ಬೈಗುಳಕ್ಕೆ ಸಿದ್ಧನಾಗಿ ಹೋಗಿ ಎದುರಿಗೆ ಕೂತೆ. ಅವನು ಕಪ್ಪು ಕೆಳಗಿಟ್ಟು, ಗದ್ದ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

“ಮಾಸ್ಕ್ ಕುಂತತೇನು?”

“ಕುಂತತಪಾ.”

“ಹೊಗಿಯೊಳಗ ಉಸರು ಸಿಕ್ಕತೇನು?”

“ಸಿಕ್ಕತು.”

“ಪೂರಾ?”

“ಪೂರಾ ಸಿಕ್ಕತಪಾ. ಮನ್ಯಾಗ ಕುಂತಂಗ ಇತ್ತು.”

ಅಪ್ಪ ಹೆಬ್ಬೆರಳಿನಿಂದ ನನ್ನ ಬೋಳು ತುಟಿಯನ್ನು ಒಮ್ಮೆ ಸವರಿದ. “ಅವತ್ತ ಯಾರರ ಒಬ್ಬರು ಹಿಂಗ ತಗಸಿಕೊಂಡು, ಮಾಸ್ಕ್ ಹಾಕ್ಕೊಂಡು ಒಳಗ ಬಂದಿದ್ರ,” ಎಂದವನು ಅಲ್ಲಿಗೇ ಬಿಟ್ಟು ಬಾಗಿಲಾಚೆಯ ಮೆಟ್ಟಿಲ ಕಡೆ ನೋಡಿದ. ಅವ್ವ ಅವನ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದಳು.

ಅಪ್ಪ ಒಂದು ಗುಟುಕು ಕುಡಿದು, ತೊಡೆಯ ಮೇಲಿದ್ದ ಹಾರವನ್ನು ಎತ್ತಿ ನನ್ನ ಕೊರಳಿಗೆ ಹಾಕಿದ. “ತಗೋ, ಪಾಸಾಗಿ ಬಂದೀ,” ಎಂದ. ಆಮೇಲೆ ಹಿಂದಕ್ಕೆ ಒರಗಿ ಇನ್ನೊಮ್ಮೆ ನೋಡಿದ. “ಅಂದ್ರ ನಾ ಹೋದ ದಿನ ನೀ ಹಿಂಗ ಕಾಣ್ತಿ. ಭಾಳ ಕೆಟ್ಟ ಕಾಣ್ತಿ ಬಿಡೋ.” ಮನೆಯೆಲ್ಲ ಗೊಳ್ಳೆಂದಿತು. ಸೋದರಮಾವನ ಹೆಂಡತಿಯೂ ಕೊನೆಗೆ ಅಳು ನಿಲ್ಲಿಸಿದಳು.

ಬಂದವರು ಹೊರಟಾಗ ಬಿದಿರು ವಾಪಸ್ ಒಯ್ಯಲು ಎತ್ತಿದರು. ಅಪ್ಪ ಬಿಡಲಿಲ್ಲ. “ನನ್ನ ಸಲುವಾಗಿ ತಂದೀರಿ, ನನಗ ಇರಲಿ. ಅರಬಿ ಒಣಹಾಕಾಕ ಚೊಲೋ ಆಗ್ತಾವ,” ಎಂದ. ಆ ಎರಡು ಗಳಗಳು ಈಗಲೂ ನಮ್ಮ ಮಾಳಿಗೆಯಲ್ಲಿವೆ. ಮಳೆಗಾಲದಲ್ಲಿ ನನ್ನ ಹೆಂಡತಿ ಅವುಗಳ ಮೇಲೆ ಅಪ್ಪನ ಧೋತರ ಹರವುತ್ತಾಳೆ.

ಈ ಸರ್ಟಿಫಿಕೇಟ್ ಒಮ್ಮೆ ಸಿಕ್ಕರೆ ಮುಗಿಯಿತು ಎನ್ನುವಂಥದ್ದಲ್ಲ. ಕೈ ಮರೆಯಬಾರದೆಂದು ಆಗಾಗ ಕರೆಸಿ, ಅದೇ ತಗಡಿನ ಸುರಂಗದಲ್ಲಿ ಅದೇ ಗೋಣಿಯ ಮನುಷ್ಯನನ್ನು ಹೊರಿಸುತ್ತಾರೆ. ಮೀಸೆ ಮತ್ತೆ ಬೆಳೆದಿದೆ, ಆದರೆ ಈಗ ಉಸ್ತಾದರ ಗೆರೆಯ ಒಳಗೇ ಇದೆ. ಕೆನ್ನೆ ದಾಟುವುದಿಲ್ಲ, ತುದಿ ತಿರುಗುವುದಿಲ್ಲ. ಗಲ್ಲಿಯವರು ಹಳೆಯ ಮರ್ಯಾದೆಗೆ ಇನ್ನೂ ‘ಮೀಸಾಲ ಅನ್ನ’ ಎನ್ನುತ್ತಾರೆ, ದನಿಯಲ್ಲಿ ಮೊದಲಿನ ಹುರುಪಿಲ್ಲ.

ಮೊನ್ನೆ ಮತ್ತೆ ಕರೆ ಬಂತು. ಬೆಳಿಗ್ಗೆ ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಂತಿದ್ದೆ. ಇಷ್ಟೆಲ್ಲ ರಗಳೆ ಯಾಕೆ, ಪೂರಾ ತೆಗೆದುಬಿಟ್ಟರೆ ದಿನದಿನದ ತಲೆನೋವು ತಪ್ಪುತ್ತದೆ ಎಂದು ನನ್ನಷ್ಟಕ್ಕೇ ಗೊಣಗಿದೆ. ಅಪ್ಪ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ. ಕೈಯಿಂದ ಕತ್ತರಿ ಇಸಿದುಕೊಂಡು, ನನ್ನ ಮುಖ ತನ್ನ ಕಡೆ ತಿರುಗಿಸಿ, ತುದಿಗಳನ್ನು ತಾನೇ ಕತ್ತರಿಸಿದ. ನಡುವಿನದನ್ನು ಮುಟ್ಟಲಿಲ್ಲ.

“ಇಷ್ಟರ ಇರಲಿ,” ಎಂದ. “ನಾ ಹೋದ ದಿನ ತಗಸಾಕ ಏನರ ಬೇಕಲ್ಲೋ ತಮ್ಮಾ.”